ಶೇಂಗಾ ಇಲ್ಲದ ಹಿಂಡಿ

ನಸುಕಿನ್ಯಾಗ ಇಮಾಮಸಾಬನ ಭಟ್ಟಿಯಿಂದ
ಮೊದಲನೇ ಬ್ರೆಡ್ಡು ಬರತೈತಿ ನಮಗ.
ಶೇಂಗಾ ಬಿಸ್ಕೀಟು ಟ್ರೇ ಏರೂಕಿಂತ ಮೊದಲ
ಹಾಳಿ ಹಾಸಿ ಬ್ಯಾರೆ ತೆಗೆದಿಟ್ಟು
ಮ್ಯಾಲೆ ಪೆನ್ನಿಲೆ ಬರದಿರತಾನ: ‘ತೇಜುಂದು’.
ರೊಕ್ಕ ಮಾತ್ರ ಎಲ್ಲಾರಷ್ಟ.
ಒಂದು ರೂಪಾಯಿ ಹೆಚ್ಚ ತಗೊಂಡಿಲ್ಲ,
ಒಂದು ರೂಪಾಯಿ ಬಿಟ್ಟೂ ಇಲ್ಲ.

ಹಳೇ ಹುಬ್ಬಳ್ಳಿಯ ನಮ್ಮ ಮನ್ಯಾಗ
ಬ್ರೆಡ್ಡು ಅಂದ್ರ ಒಂದ ನಮೂನಿ:
ಎರಡು ಹೋಳಿನ ನಡುವ ಶೇಂಗಾ ಹಿಂಡಿ,
ಹಿಂಡಿ ಮ್ಯಾಲೆ ಕೆನಿಮೊಸರು,
ರೊಟ್ಟಿ ಹಂಚಿನ ಮ್ಯಾಲಿಟ್ಟು, ಹಿತ್ತಾಳಿ ತಂಬಿಗಿಲೆ ಒತ್ತೂದು,
ಅಂಚು ಹೊತ್ತೂತನಕ.
ಜ್ವರ ಬಿಟ್ಟ ದಿನ ಅದ. ಪರೀಕ್ಷಾ ಮುಗದ ದಿನ ಅದ.
ವರ್ಕ್‌ಶಾಪಿನ ರಾತ್ರಿಪಾಳಿ ಮುಗಿಸಿ ಬಂದ
ನನ್ನ ಗಂಡ ಬೂಟು ಬಿಚ್ಚೂದ್ರಾಗ ಅದ.
ಲಗ್ನಾಗಿ ಈ ಮನಿಗೆ ಬಂದ ದಿನ ನಾ
ಅತ್ತು ಅತ್ತು ಹಸದು ಕುಂತಿದ್ದೆ;
ನಮ್ಮತ್ತಿ ನೀಲಗಂಗವ್ವ, ಏನೂ ಕೇಳದ,
ಅದನ್ನ ಮಾಡಿ ಕೈಯಾಗಿಟ್ಟಿದ್ಲು.

ತೇಜುಗ ಎರಡು ವರ್ಷ ತುಂಬಿದ್ದಿಲ್ಲ.
ಅಕಿ ಕೈಯಿಂದ ಒಂದ ತುತ್ತು.
ತುಟಿ ಬದನಿಕಾಯಿ ಆತು. ಕಣ್ಣು ಮುಚ್ಚಿಕೊಂಡುವು.
ಉಸಿರು ಸಿಳ್ಳಿ ಹೊಡೀತು.
ಆಟೋದಾಗ ಕಿಮ್ಸ್‌ಗೆ ಓಡೂಮುಂದ
ಚನ್ನಮ್ಮ ಸರ್ಕಲ್ಲಿನ ದೀಪ ಕೆಂಪಿತ್ತು,
ಎಪ್ಪತ್ತೆರಡು ಅಂತ ತೋರಸತಿತ್ತು.
ನನಗ ಎಣಸಾಕ ಆಗಲಿಲ್ಲ. ನಮ್ಮತ್ತಿ ಎಣಿಸಿದ್ಲು,
ಸಾಲಿ ಕಟ್ಟಿ ಹತ್ತದಾಕಿ.

ಡಾಕ್ಟರು ಹೇಳಿದ್ರು: ಕಾಳಷ್ಟ ಅಲ್ಲ,
ಎಣ್ಣಿ, ಚಮಚ, ಮಿಕ್ಸರಿನ ಜಾರು,
ಮುಟ್ಟಿದ ಕೈ.
‘ಒಳ್ಳು?’ ಅಂತ ಕೇಳಿದ್ಲು ಅತ್ತಿ.
ಅವರಿಗೆ ಒಳ್ಳು ಅಂದ್ರ ತಿಳೀಲಿಲ್ಲ.
ಕಲ್ಲಿಂದ್ರಿ, ಕುಟ್ಟೂದು,
ಅರವತ್ತು ವರ್ಷದ ಶೇಂಗಾ ಕುಡದೈತಿ.
‘ಹಂಗಾರ ಅದೂ ಬ್ಯಾಡ.’

ಒಳ್ಳು ಪಕ್ಕದ ಸುರೇಖಾನ ಮನಿಗೆ ಹೋತು.
ಐತವಾರ ಗ್ವಾಡಿ ಆಚಿಂದ ಧಪ್ ಧಪ್ ಕೇಳಿದ್ರ
‘ಹಾರಿ ನೆಟ್ಟಗ ಹಿಡದಿಲ್ಲ ಹುಡುಗಿ’ ಅಂತಿದ್ಲು ಅತ್ತಿ,
ಅಷ್ಟ ಮಾತು.
ತೇಜು ತೊಡಿ ಏರಿದ್ರ ಏರಿಸಿಕೊಳ್ಳಾಕಿ,
ಕೈ ಮಾತ್ರ ಸೆರಗಿನ ಒಳಗ.

ನಾ ಪುಟಾಣಿ ಮಾಡಿ ನೋಡಿದೆ. ಬರೇ ಹಿಟ್ಟು.
ಗುರೆಳ್ಳು ಮಾಡಿದೆ. ಹುಡುಗ ಬ್ರೆಡ್ಡು ಬಿಚ್ಚಿ
‘ಅವ್ವಾ, ಡಾಂಬರು’ ಅಂದ.
ಬರೇ ಅಗಸಿ ಲೋಳಿ ಲೋಳಿ ಆತು ಮೊಸರು ಬಿದ್ದಕೂಡ್ಲೆ.
ಕಡೀಕ ಅಗಸಿಗೆ ಒಣಕೊಬ್ಬರಿ ಕೂಡಿಸಿ,
ಬ್ಯಾಡಗಿ ಮೆಣಸಿನಕಾಯಿ, ಸಿಪ್ಪಿ ಸಮೇತ ಬಳ್ಳೊಳ್ಳಿ,
ಹುಣಸಿ, ಉಗುರಷ್ಟು ಬೆಲ್ಲ,
ಕೆಂಪು ದಾರ ಕಟ್ಟಿದ ಹೊಸಾ ಜಾರಿಗೆ ಹಾಕಿ
ಗುಂಡಿ ತಿರುವಿದೆ.

ಹೊಸ್ತಿಲದಾಗಿಂದ ದನಿ ಬಂತು:
‘ಬಿಟ್ಟು ಬಿಟ್ಟು ತಿರುವು.
ಕುಟ್ಟಿಧಂಗ ಇರಬೇಕು. ನುಣ್ಣಗಾದ್ರ
ಅದು ಹಿಂಡಿ ಅಲ್ಲ, ಪೌಡರು.’

ಬಿಟ್ಟು ಬಿಟ್ಟು ತಿರುವಿದೆ.
ಕುಸುಬಿ ಎಣ್ಣಿ ಸವರಿದ ಹಂಚು, ಅದ ತಂಬಿಗಿ.
ಅತ್ತಿ ಮೂಸಿ ನೋಡಿದ್ಲು.
‘ಇದು ಅದಲ್ಲ,’ ಅಂದ್ಲು.
ಆಮ್ಯಾಲೆ, ‘ಉಪ್ಪು ಸರಿ ಐತಿ.’

ಎದ್ದು ಬಚ್ಚಲಕ್ಕ ಹೋದ್ಲು. ಸಾಬಾಣ ಮೂರು ಸಲ.
ಕಸಬರಗಿ ಕಡ್ಡಿಲೆ ಉಗುರಿನ ಸಂದಿ ತೆಗೆದು
ಹತ್ತೂ ಬೆರಳು ನನ್ನ ಮುಂದ ಚಾಚಿದ್ಲು,
ಸಾಲ್ಯಾಗ ಹುಡುಗ್ರು ತೋರಸೂಹಂಗ.
ನಾ ಒಂದೊಂದ ನೋಡಿದೆ.
ನೋಡೂದು ಬಿಡಬೇಕಾಗಿತ್ತೇನೋ. ನೋಡಿದೆ.

ಮೂಲಿ ಹರದು ಬಾಯಿಗಿಟ್ಲು.
ಅಂವ ಜಗಿಯೂತನಕ ಅಕಿ ತುಟಿ ಅಲುಗತಿದ್ದುವು,
ಜಪ ಅನ್ಕೊಂಡೆ.
ಎಪ್ಪತ್ತೊಂದು, ಎಪ್ಪತ್ತೆರಡು.

ಎರಡನೇ ತುತ್ತು ಹರಕೋತ ಅಂದ್ಲು,
‘ಅಂಚು ಇನ್ನೊಂದಿಷ್ಟು ಹೊತ್ತಬೇಕಿತ್ತು.’